ಕೈಗವಸಿಲ್ಲದ ಸದ್ದು

ಪಟ್ — ಈ ಸದ್ದು ಸರಿಯಿಲ್ಲ, ಈ ಸದ್ದಿಗೆ ಮಾಂಸದ ತೇವವಿದೆ, ಎಂದಿತು ಪಿಯಾನೋದ ಮುಂದೆ ಕುಳಿತ ವಿನಿಫ್ರೆಡ್‌ಳ ಕಿವಿ, ಬೆರಳುಗಳು ಮಾತ್ರ ಮೂರೆಣಿಕೆಯ ವಾಲ್ಟ್ಸಿನ ನಡೆಯನ್ನು ಬಿಡದೆ ಹಿಡಿದಿದ್ದವು, ಎಡಗೈಯದೊಂದು ದಪ್ಪ ಗುದ್ದು, ಬಲಗೈಯವೆರಡು ಸಣ್ಣ ಗುದ್ದು, ಬಲಕ್ಕೆ ಓರೆನೋಟ ಹಾಯಿಸಿದರೆ ಮೇಪಲ್ ಹಲಗೆಯ ನೆಲದ ನಡುವೆ ಥ್ಯಾಡಿಯಸ್ ಪೆಲ್, ಕೊರಳಿಗೆ ಕೆಂಪು ವಸ್ತ್ರ ಸುತ್ತಿ, ಟೋಪಿಯನ್ನು ಕಣ್ಣಿನ ಮೇಲಕ್ಕೆಳೆದು, ನೂರು ವರ್ಷದಾಚೆಯ ಪ್ಯಾರಿಸ್ ಗಲ್ಲಿಯ ರೌಡಿಯಾಗಿ, ಹೆಣ್ಣನ್ನು ಹೊಡೆದು ಎಳೆದಾಡುವಂತೆ ನಟಿಸುವ ಆ ಕಾಲದ ನೃತ್ಯಕ್ಕೆ ನಿಂತಿದ್ದಾನೆ, ಅವನೆದುರು ಕುರ್ಚಿಯ ಬೆನ್ನನ್ನು ಹಿಡಿದು ಅವನ ಹೆಂಡತಿ ಕೊರಿನ್, ಮತ್ತು ಸುತ್ತ ಗೋಡೆಯುದ್ದಕ್ಕೂ ಬಾಡಿಗೆಯ ಉದ್ದಬಾಲದ ಕೋಟು, ಹೊಲಿಸಿದ ರೇಷ್ಮೆ ಗೌನು ತೊಟ್ಟ ನಮ್ಮೂರಿನ ದಂತವೈದ್ಯರು, ವಕೀಲರು, ಗ್ರಂಥಪಾಲಕಿಯರು, ಎಲ್ಲರ ಕೈಯಲ್ಲೂ ಬಿಳಿಯ ಗವಸು, ಎಲ್ಲರ ಚಪ್ಪಾಳೆಯೂ ದಿಂಬು ಬಡಿದಂತೆ ಮೆತ್ತಗೆ. ಗವಸಿನ ಕೈ ಪಟ್ ಎನ್ನಲಾರದು. ಕಪಾಳಕ್ಕೆ ಹೊಡೆಯುವ ನಟನೆಯ ಗುಟ್ಟು ಆಕೆಗೆ ಗೊತ್ತು, ಚಳಿಗಾಲವಿಡೀ ಇದೇ ಪಿಯಾನೋದ ಮುಂದೆ ಕುಳಿತು ನೋಡಿದ್ದಾಳೆ, ಗಂಡಿನ ಅಂಗೈ ಕೆನ್ನೆಯ ಪಕ್ಕದ ಗಾಳಿಯನ್ನು ಸೀಳಿ ಹೋಗಬೇಕು, ಅದೇ ಕ್ಷಣಕ್ಕೆ ಹೆಣ್ಣು ತನ್ನೆರಡು ಕೈಗಳನ್ನು ಸೊಂಟದ ಬಳಿ ತಟ್ಟಬೇಕು, ನೋಡುವವರಿಗೆ ಕಣ್ಣಿನಲ್ಲಿ ಏಟು, ಕಿವಿಯಲ್ಲಿ ಸದ್ದು, ಕೆನ್ನೆಗೆ ಬರೀ ಗಾಳಿ — ಆದರೆ ಕೊರಿನ್‌ಳ ಕೈಗಳೆರಡೂ ಕುರ್ಚಿಯ ಮೇಲಿದ್ದವು, ಗೆಣ್ಣುಗಳು ಬೆಳ್ಳಗಾಗುವಂತೆ ಹಿಡಿದಿದ್ದವು, ಹಾಗಾದರೆ ತಟ್ಟಿದ ಕೈ ಯಾವುದು. ಜಾರಲೆಂದು ನೆಲದ ಮೇಲೆ ಎರಚಿದ ಮುಸುಕಿನ ಜೋಳದ ಹಿಟ್ಟಿನಲ್ಲಿ ಸಣ್ಣದೊಂದು ಗೆರೆ ಎಳೆಯುತ್ತ ಏನೋ ಜಾರಿ ಬಂದು ಪಿಯಾನೋದ ಕಾಲಿನ ಬಳಿ ನಿಂತಿತು. ಕೂದಲಿನ ಪಿನ್ನು. ಅದರ ಎರಡು ಹಲ್ಲುಗಳ ನಡುವೆ ತಾಮ್ರದ ಬಣ್ಣದ ಎಳೆಗಳು, ಎಳೆಗಳ ತುದಿಯಲ್ಲಿ ಬಿಳಿಯ ಬೇರು.

ಬೇರು ಸಮೇತ, ಎಂದುಕೊಂಡಳು ಆಕೆ, ಕಳೆ ಕಿತ್ತ ಹಾಗೆ, ಗುದ್ದು, ಸಣ್ಣ ಗುದ್ದು, ಸಣ್ಣ ಗುದ್ದು, ಮೂರನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು ಇದೇ ತಾಮ್ರದ ಜಡೆಯ ತುದಿಯನ್ನು ಬಾಯಲ್ಲಿಟ್ಟು ಚೀಪುತ್ತಿದ್ದ ಹುಡುಗಿ, ಕೊರಿನ್, ಜಡೆ ತಿನ್ನುವುದಕ್ಕಲ್ಲ, ಹೂಂ ಟೀಚರ್ — ಈಗಲೂ ಟೀಚರ್ ಎಂದೇ ಕರೆಯುತ್ತಾಳೆ, ಇಂದು ಮಧ್ಯಾಹ್ನ ಕೋಟು ತೂಗುಹಾಕುವ ಕೋಣೆಯಲ್ಲಿ ಅವಳ ತೋಳು ಮೇಲೇರಿದಾಗ ಮುಂಗೈಯ ಸುತ್ತ ಹಳದಿ, ಹಳದಿಯೊಳಗೆ ನೀಲಿ, ಅದೇನೇ ಅದು, ಏನಿಲ್ಲ ಟೀಚರ್, ಕಾರ್ಸೆಟ್ ಒತ್ತಿದ್ದು, ಕಾರ್ಸೆಟ್‌ನ ಸೊಂಟ ಬಿಟ್ಟು ಮುಂಗೈಗೆ ಕಟ್ತಾರೇನೇ ಹುಚ್ಚಿ, ಯಾವ ಶತಮಾನದ ಫ್ಯಾಷನ್ನೇ ಇದು, ಅವಳು ನಕ್ಕಳು, ನಗುವಾಗ ತುಟಿಯ ಒಂದು ಮೂಲೆ ಮಾತ್ರ ಎದ್ದಿತು, ಅಭ್ಯಾಸದಲ್ಲಿ ಆಗತ್ತೆ ಟೀಚರ್, ಥ್ಯಾಡ್‌ಗೆ ಎಲ್ಲಾ ನಿಜವಾಗಿರಬೇಕು. ನಿಜ! ಆ ಮಾತನ್ನು ಅವನು ಎಷ್ಟು ಪಾವಿತ್ರ್ಯದಿಂದ ಹೇಳುತ್ತಾನೆ, ಹಳೆಯ ನೃತ್ಯಗಳಿಗೆ ಜೀವ ಕೊಡುವ ಸಂಘ ನಮ್ಮದು, ವೇಷ ತೊಟ್ಟು ಆಡೋ ಮಕ್ಕಳಾಟ ಅಲ್ಲ, ಗವಸಿನ ಗುಂಡಿ ಮುತ್ತಿನದೇ ಆಗ್ಬೇಕು, ಆ ಕಾಲದವ್ರು ಒರಟಾಗಿದ್ರೆ ನಾವೂ ಒರಟು, ಚರಿತ್ರೆಗೆ ಸಕ್ಕರೆ ಬೆರೆಸೋಕೆ ನಾವ್ಯಾರು — ಸಭೆಯಲ್ಲಿ ಎಲ್ಲರೂ ತಲೆದೂಗಿದರು, ಆಕೆಯೂ ತೂಗಿದಳು, ಪಕ್ಕದಲ್ಲಿ ಪಿಟೀಲು ನುಡಿಸುವ ಮುದುಕ ಒರ್ವಿಲ್ ಮಾತ್ರ ಗೊಣಗಿದ, ಅಲ್ಲಯ್ಯಾ ಥ್ಯಾಡ್, ಅಷ್ಟೊಂದು ನಿಜ ಬೇಕಿದ್ರೆ ಆ ಕಾಲದ ಹಲ್ಲುನೋವೂ ತರಿಸ್ಕೋ, ನಮ್ಮ ದಂತವೈದ್ಯರಿಗೂ ಒಂದು ಪಾತ್ರ ಸಿಗತ್ತೆ. ಎಲ್ಲರೂ ನಕ್ಕರು. ನಗುವಿನಲ್ಲಿ ಆ ಮಾತು ಮುಳುಗಿಹೋಯಿತು. ಒಂದು ಕಾಲದ ಕ್ರೌರ್ಯವನ್ನು ಕಲಿತು ತಿಳಿಯುವುದು ವಿದ್ಯೆ, ಅದನ್ನು ನೆಪಮಾಡಿಕೊಂಡು ಹೆಂಡತಿಯ ಕೂದಲು ಕೀಳುವುದು ಯಾವ ವಿದ್ಯೆ, ಅದಕ್ಕೆ ಟಿಕೆಟ್ಟು ಹರಿದು ಚಪ್ಪಾಳೆ ತಟ್ಟುವ ನಾಗರಿಕರು ಎಂಥ ನಾಗರಿಕರು, ಮನೆಯ ಅಡುಗೆಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುವುದನ್ನು ಅವನು ಇಲ್ಲಿ ಬೆಳಕಿನಲ್ಲಿ ಮಾಡುತ್ತಿದ್ದಾನೆ, ಮುಚ್ಚಿಡಲು ಬೆಳಕಿಗಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ — ಪಟ್. ಗವಸುಗಳು ಮೆತ್ತಗೆ ತಟ್ಟಿದವು. ಅದ್ಭುತ, ಎಂದಿತು ಹಿಂದಿನ ಸಾಲಿನ ಒಂದು ಹೆಣ್ಣುದನಿ, ನಿಜವಾಗ್ಲೂ ಹೊಡೆದ ಹಾಗೇ ಇದೆ ಅಲ್ವೇನ್ರೀ.

ನುಡಿಸು. ಇನ್ನೂ ಜೋರಾಗಿ ನುಡಿಸು ವಿನ್ನಿ. ಇದು ಥ್ಯಾಡಿಯಸ್‌ನ ದನಿಯಲ್ಲ, ಇದು ಅಪ್ಪ, ಗಿರಣಿಯಿಂದ ಬಂದು ಬೂಟು ಬಿಚ್ಚದೆ ನಿಂತ ಅಪ್ಪ, ಪಕ್ಕದ ಮನೆಯವ್ರಿಗೆ ನಿನ್ನ ಪಾಠ ಕೇಳಿಸ್ಲಿ, ಒಳ್ಳೆ ಹುಡುಗಿ, ಮತ್ತು ಬಾಗಿಲು ಮುಚ್ಚಿಕೊಳ್ಳುತ್ತದೆ, ಬಾಗಿಲಿನಾಚೆ ಅಮ್ಮ, ಪಾತ್ರೆ, ಅಮ್ಮ, ಕುರ್ಚಿ, ಇವಳ ಕಾಲುಗಳು ಇನ್ನೂ ಪೆಡಲಿಗೆ ಎಟುಕುವುದಿಲ್ಲ, ಬೆರಳುಗಳು ಎಟುಕುತ್ತವೆ, ಪಾಠದ ಪುಸ್ತಕದ ಮೊದಲ ವಾಲ್ಟ್ಸ್, ಅದನ್ನೇ ಮತ್ತೆ, ಅದನ್ನೇ ಮತ್ತೆ, ಬಾಗಿಲಿನ ಕೆಳಗಿನ ಸಂದಿಯಿಂದ ನುಸುಳಿ ಬರುವ ಕೂದಲಿನ ಪಿನ್ನು, ಕಪ್ಪು ಎಳೆ, ಬಿಳಿಯ ಬೇರು, ನಿಲ್ಲಿಸಿದರೆ ಇನ್ನೂ ಹೊಡೆಯುತ್ತಾನೆ ಎಂದು ಮಗು ನಂಬಿದೆ, ನುಡಿಸುತ್ತಿರುವುದರಿಂದಲೇ ಹೊಡೆಯಲು ಆಗುತ್ತಿದೆ ಎಂದು ಯಾರು ಹೇಳಬೇಕು ಆ ಮಗುವಿಗೆ, ಆದಿತ್ಯವಾರ ಚರ್ಚಿನ ಮೆಟ್ಟಿಲ ಮೇಲೆ ಪಕ್ಕದ ಮನೆಯಾಕೆ, ಎಷ್ಟು ಚೆನ್ನಾಗಿ ನುಡಿಸ್ತೀಯೇ ಪುಟ್ಟಿ, ಗೋಡೆಯಾಚೆಯಿಂದ ಕೇಳ್ತಾ ಕೆಲಸ ಮಾಡ್ತೀನಿ ನಾನು, ಟೋಪಿಯ ಬಲೆಯನ್ನು ಮುಖದ ಮೇಲಕ್ಕೆಳೆದುಕೊಂಡ ಅಮ್ಮ, ಹೇಳೇ, ಥ್ಯಾಂಕ್ಸ್ ಹೇಳು. ಥ್ಯಾಂಕ್ಸ್. ಗುದ್ದು, ಸಣ್ಣ ಗುದ್ದು, ಸಣ್ಣ ಗುದ್ದು, ಈ ಕೈಗಳನ್ನು ನೋಡು, ಎಪ್ಪತ್ತರ ಹತ್ತಿರದ ಕೈಗಳು, ಜನ್ಮವಿಡೀ ಅದೇ ಬಾಗಿಲಿನ ಮುಂದೆ ಅದೇ ವಾಲ್ಟ್ಸ್ ನುಡಿಸುತ್ತಿವೆ, ಪಿಯಾನೋದ ಮುಚ್ಚಳವನ್ನು ಅವನ ಬೆರಳುಗಳ ಮೇಲೆ ಬಡಿಯಬೇಕು, ಒಂದು ಸಲ, ಮತ್ತೊಂದು ಸಲ, ಗೆಣ್ಣುಗಳು ಕಡಲೆಯಂತೆ ಸಿಡಿಯುವವರೆಗೆ, ಕಬ್ಬಿಣದ ತಂತಿಯೊಂದನ್ನು ಒಳಗಿಂದ ಕಿತ್ತು ಆ ಕೆಂಪು ವಸ್ತ್ರ ಸುತ್ತಿದ ಕೊರಳಿಗೆ — ಛೀ, ಇದು ನಾನೇ, ಮಕ್ಕಳು ಹೊಡೆದಾಡಿದರೆ ಇಬ್ಬರ ಕೈಯನ್ನೂ ಹಿಡಿಸಿ ಕ್ಷಮೆ ಕೇಳಿಸುತ್ತಿದ್ದವಳು, ಏನಮ್ಮಾ ವಿನ್ನಿ, ಓಡ್ತಿದೀಯಲ್ಲಾ, ಒರ್ವಿಲ್ ಪಿಟೀಲಿನ ಮೇಲಿಂದ ಪಿಸುಗುಟ್ಟಿದ, ಸ್ವಲ್ಪ ನಿಧಾನ ಮಾಡೇ, ಆ ಹುಡುಗಿಗೆ ಉಸಿರು ಸಿಗ್ಲಿ.

ಆ ಹುಡುಗಿಗೆ ಉಸಿರು ಸಿಗಲಿ. ನಿಧಾನ ಮಾಡಿದರೆ ಏಟುಗಳ ನಡುವಿನ ಬಿಡುವು ಹೆಚ್ಚುತ್ತದೆ, ಏಟು ನಿಲ್ಲುವುದಿಲ್ಲ. ಈಗ ಎಳೆತದ ಭಾಗ, ಅವನು ಮುಷ್ಟಿಯನ್ನು ಅವಳ ನೆತ್ತಿಯ ಮೇಲಿಡಬೇಕು, ಬರಿಯ ಮುಷ್ಟಿ, ಒಂದು ಎಳೆಯನ್ನೂ ಹಿಡಿಯಬಾರದು, ಅವಳೇ ಎರಡೂ ಕೈಗಳಿಂದ ಅವನ ಮಣಿಕಟ್ಟನ್ನು ಹಿಡಿದು ತನ್ನ ಭಾರವನ್ನು ಅದಕ್ಕೆ ತೂಗುಹಾಕಿಕೊಂಡು ಕಾಲಿನಿಂದ ನೆಲವನ್ನು ನೂಕುತ್ತಾಳೆ, ಎಳೆಯುವಂತೆ ಕಾಣುವವನು ನಿಜವಾಗಿ ಅವಳ ಹಿಂದೆ ಬರುವವನು, ಎಷ್ಟು ಚೆಲುವಾದ ಉಪಾಯ, ಯಾರೋ ಹಿಂದಿನ ಕಾಲದ ಹೆಂಗಸು ತನ್ನ ತಲೆ ಉಳಿಸಿಕೊಳ್ಳಲು ಕಂಡುಹಿಡಿದದ್ದಿರಬೇಕು, ಅದೂ ಚರಿತ್ರೆಯೇ, ಅದನ್ನೇಕೆ ಇವನು ಪುನರುದ್ಧಾರ ಮಾಡಲಿಲ್ಲ — ಕೊರಿನ್ ಕೈ ಚಾಚಿದಳು, ಮಣಿಕಟ್ಟು ಸಿಗುವ ಮೊದಲೇ ಅವನು ಎಳೆದ, ತಲೆ ಮೊದಲು ಹೋಯಿತು, ದೇಹ ಆಮೇಲೆ, ಹಿಟ್ಟಿನ ಮೇಲೆ ಮೊಣಕಾಲಿನ ಅಗಲ ಗೆರೆ, ಬಾಯಿ ತೆರೆದಿದೆ, ದನಿಯಿಲ್ಲ, ದನಿ ಮಾಡಿದರೆ ನೃತ್ಯ ಕೆಡುತ್ತದಲ್ಲ, ಮುಖ ಪಿಯಾನೋದ ಕಡೆಗೆ ತಿರುಗಿದೆ, ಪ್ರತಿ ಸಲ ಇಲ್ಲಿ ಅವಳು ಗದ್ದವನ್ನು ಸ್ವಲ್ಪ ಆಡಿಸಿ ನುಡಿಸಿ ಟೀಚರ್ ಎಂದು ಸನ್ನೆ ಮಾಡುತ್ತಾಳೆ, ಇಂದು ಗದ್ದ ಆಡಲಿಲ್ಲ, ಕಣ್ಣುಗಳು ನೋಡಿದವು, ಬಾಗಿಲಿನ ಸಂದಿಯಿಂದ ನೋಡಿದಂತೆ. ಇನ್ನು ಕೊನೆಯ ಏಟು. ಅವನು ಅವಳನ್ನು ಎಬ್ಬಿಸಿ ಮತ್ತೆ ಕುರ್ಚಿಗೆ ಒರಗಿಸಿದ, ಅವಳ ಕೈಗಳನ್ನು ತಾನೇ ಎತ್ತಿ ಕುರ್ಚಿಯ ಬೆನ್ನಿನ ಮೇಲಿಟ್ಟ, ತಟ್ಟಲಾಗದಂತೆ, ಅವನ ತೋಳು ಹಿಂದಕ್ಕೆ ಹೋಯಿತು, ದೂರಕ್ಕೆ ಹೋಯಿತು, ಏನೇ ಆದ್ರೂ ನಿಲ್ಲಿಸ್ಬೇಡಿ ಟೀಚರ್, ಯಾರಾದ್ರೂ ಬಿದ್ರೂ, ದೀಪ ಹೋದ್ರೂ, ನಮ್ಮ ಸಂಘದ ನಿಯಮ ಅದು, ಎಂದಿದ್ದ ಅವನು ಅಭ್ಯಾಸದಲ್ಲಿ, ನುಡಿಸ್ತಾನೇ ಇರಿ, ನುಡಿಸು, ಒಳ್ಳೆ ಹುಡುಗಿ — ಆಕೆ ಎರಡೂ ಕೈಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಪಿಟೀಲು ಒಂಟಿಯಾಗಿ ಒಂದಿಷ್ಟು ಕುಂಟಿ ನಿಂತಿತು, ಏನಾಯ್ತೇ, ಹಾಳೆ ತಪ್ಪಿತಾ, ಇಲ್ಲ ಒರ್ವಿಲ್, ಸುಮ್ನೆ ಕೇಳಿಸ್ಕೋ, ಮತ್ತು ಆಗಲೇ ಬೀಸಿದ್ದ, ಹಿಂದಕ್ಕೆ ಕರೆಯಲಾಗದ ಆ ಅಂಗೈ ವಾಲ್ಟ್ಸಿನ ಹೊದಿಕೆಯಿಲ್ಲದ ಸಭಾಂಗಣದೊಳಗೆ ಬಂದು ಬಿದ್ದಿತು.

ಪಟ್.

ಒಂದು ಜೊತೆ ಗವಸು ತಟ್ಟಲು ಹೋಗಿ ಅರ್ಧದಲ್ಲೇ ನಿಂತಿತು, ಎಲ್ಲರೂ ಈಗ ಕುರ್ಚಿಯ ಮೇಲಿನ ಎರಡು ಕೈಗಳನ್ನು ನೋಡುತ್ತಿದ್ದಾರೆ, ಅವು ಅಲ್ಲೇ ಇವೆ, ಅವು ತಟ್ಟಲಿಲ್ಲ, ಕೆನ್ನೆಯ ಮೇಲೆ ಬೆರಳುಗಳು ಮೊದಲು ಬಿಳಿಯಾಗಿ ಮೂಡಿ ಆಮೇಲೆ ಕೆಂಪೇರುತ್ತಿವೆ, ನುಡಿಸಿ, ಎನ್ನುತ್ತಿದ್ದಾನೆ ಥ್ಯಾಡಿಯಸ್, ಹಲ್ಲು ಕಾಣುವಂತೆ ನಗುತ್ತ, ಟೀಚರ್, ನುಡಿಸಿ, ನಿಮಗೇ ಹೇಳ್ತಿರೋದು, ನುಡಿಸಿ, ಕೊರಿನ್ ಒಂದು ಕೈಯನ್ನು ಕುರ್ಚಿಯಿಂದ ಬಿಡಿಸಿದಳು, ಇನ್ನೊಂದನ್ನು ಬಿಡಿಸಿದಳು, ನುಡಿಸು ವಿನ್ನಿ, ಇಲ್ಲ, ಕೈಗಳು ತೊಡೆಯ ಮೇಲಿವೆ, ಭಾರವಾಗಿವೆ, ಬಾಗಿಲು ತೆರೆದೇ ಇದೆ, ಎಲ್ಲರಿಗೂ ಕೇಳಿಸಿತು, ಆಕೆ ಕೆಳಗೆ ನೋಡಿದಳು, ಪೆಡಲಿನ ಪಕ್ಕ, ಹಳದಿ ಹಿಟ್ಟಿನಲ್ಲಿ, ಪಿನ್ನು, ಪಿನ್ನಿನಲ್ಲಿ ಎಳೆ, ಎಳೆಯ ತುದಿಯಲ್ಲಿ ಬೇರು, ಬಿಳಿಯ ಬೇರು, ಬೇರು —