ಹದಿನೇಳನೇ ನಂಬರು

ವಿದ್ಯಾರ್ಥಿಗಳ ಯೋಗಕ್ಷೇಮದ ಅಧ್ಯಯನಕ್ಕೆ ಅನುದಾನ ಬಂದ ವಾರವೇ ಅರ್ಧ ಕಾಲೇಜಿಗೆ ಆಪ್ತ ಸಲಹೆಗಾರರ ಕೋಣೆ ಮುಚ್ಚಿತು. ಅಲ್ಲಿಯವರೆಗೆ ಯಾರು ಬೇಕಾದರೂ ಹೋಗಿ ಅತ್ತು ಬರಬಹುದಿತ್ತು. ಈಗ 'ಎ' ಗುಂಪಿನವರು ವಾರಕ್ಕೊಮ್ಮೆ ಹೋಗಲೇಬೇಕು, 'ಬಿ' ಗುಂಪಿನವರು ಹೋಗಲೇಬಾರದು. ವರ್ಷದ ಕೊನೆಗೆ ಎರಡನ್ನೂ ಹೋಲಿಸಿದರೆ ಸಲಹೆಯಿಂದ ಲಾಭವಿದೆಯೋ ಇಲ್ಲವೋ ಗೊತ್ತಾಗುತ್ತದಂತೆ. ಬಾಗಿಲಲ್ಲಿ ಪಟ್ಟಿ ಹಿಡಿದು ಕೂರುವ ಸಹಾಯಕಿ ನಾನು.

ಎ ಗುಂಪಿನ ಹದಿನೇಳನೇ ನಂಬರಿನ ಹುಡುಗನಿಗೆ ಕುಂಭಕರ್ಣ ಎಂದೇ ಹೆಸರು. ಬಂದು, ಸೋಫಾದ ಮೇಲೆ ಗೊರಕೆ ಹೊಡೆದು ಹೋಗುತ್ತಿದ್ದ. ಬಿ ಗುಂಪಿನ ಹುಡುಗಿಯೊಬ್ಬಳು ದಿನವೂ ಹೊರಗಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಒಂದು ದಿನ ಅವಳ ಕೈಯಲ್ಲಿ ಕಾಲೇಜು ಬಿಡುವ ಅರ್ಜಿ ಇತ್ತು.

"ಊಟ ಸೇರಲ್ಲ, ಓದಿದ್ದು ತಲೆಗೆ ಹೋಗಲ್ಲ. ಹತ್ತು ನಿಮಿಷ ಒಳಗೆ ಬಿಡಿ ಅಕ್ಕ."

ಅಧ್ಯಯನ ನಡೆಸುತ್ತಿದ್ದ ಪ್ರೊಫೆಸರರ ಬಳಿಗೆ ಓಡಿದೆ.

"ಬೇಡ," ಅಂದರು, ಕಂಪ್ಯೂಟರಿನಿಂದ ಕಣ್ಣೆತ್ತದೆ. "ಬಿ ಗುಂಪು ಕೆಟ್ಟುಹೋಗತ್ತೆ."

"ಅವಳು ಕಾಲೇಜೇ ಬಿಡ್ತಾಳಂತೆ ಸರ್."

"ಬಿ ಗುಂಪಲ್ಲಿ ತಾನೇ? ಬಿಡಲಿ ಬಿಡು. ವ್ಯತ್ಯಾಸ ಎದ್ದು ಕಾಣತ್ತೆ."

ವಾಪಸು ಬಂದು ಕುಂಭಕರ್ಣನನ್ನು ತಟ್ಟಿ ಎಬ್ಬಿಸಿದೆ. "ಇನ್ಮೇಲೆ ಹಾಸ್ಟೆಲಲ್ಲೇ ಮಲಗಪ್ಪ. ನಿನ್ನ ನಂಬರಲ್ಲಿ ಇವಳು ಬರ್ತಾಳೆ."

"ಹಾಜರಿ?"

"ನಾನು ಹಾಕ್ತೀನಿ."

"ದೇವರಂಥೋರು ಅಕ್ಕ ನೀವು," ಎಂದು ಚಪ್ಪಲಿ ಹುಡುಕಿಕೊಂಡು ಹೊರಟ.

ಸಲಹೆಗಾರ ಮೇಡಂ ನನ್ನ ಮುಖ ನೋಡಿದರು, ಪಟ್ಟಿ ನೋಡಲಿಲ್ಲ. "ಬಾಮ್ಮ ಹದಿನೇಳು," ಅಂದರು.

ಹುಡುಗಿ ವಾರವಾರ ಬಂದಳು. ಹದಿನೇಳರ ಪ್ರಶ್ನಾವಳಿಯನ್ನೂ ಅವಳೇ ತುಂಬಿದಳು. ಅರ್ಜಿಯನ್ನು ಮಡಚಿ, ಓದುವ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಳು.

ವರ್ಷದ ಕೊನೆಗೆ ಪ್ರೊಫೆಸರರ ನಕ್ಷೆಯಲ್ಲಿ ಹದಿನೇಳು ಎಲ್ಲರಿಗಿಂತ ಮೇಲಿತ್ತು. ಅನುದಾನ ಸಮಿತಿಗೆ ಆ ವಿದ್ಯಾರ್ಥಿಯನ್ನೇ ನೋಡುವ ಆಸೆಯಾಯಿತು. ಪಟ್ಟಿ ನೋಡಿ ಕರೆಸಿದರು. ಕುಂಭಕರ್ಣ ಕಣ್ಣುಜ್ಜುತ್ತ ಬಂದು ನಿಂತ. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ನಿನಗೇನು ಉಪಯೋಗ ಆಯ್ತಪ್ಪ?"

"ಅಲ್ಲಿಗೆ ಹೋಗೋದು ಬಿಟ್ಟ ಮೇಲೆ ತುಂಬಾ ಆರಾಮಾಗಿದೀನಿ ಸರ್."

ಸಮಿತಿಯವರು ಪ್ರೊಫೆಸರರ ಕಡೆ ತಿರುಗಿದರು.

"ನೋಡಿದ್ರಾ," ಎಂದರು ಪ್ರೊಫೆಸರು. "ಸಲಹೆಯೇ ಬೇಡ ಅನ್ನೋವಷ್ಟು ಸ್ವಾವಲಂಬನೆ."

ಹಿರಿಯ ಸದಸ್ಯೆ ಅದನ್ನು ಬರೆದುಕೊಂಡರು. ಅನುದಾನ ಇನ್ನೆರಡು ವರ್ಷ ಮುಂದುವರಿಯಿತು. ಷರತ್ತು ಒಂದೇ: ಬಿ ಗುಂಪು ಇನ್ನಷ್ಟು ದೊಡ್ಡದಾಗಬೇಕು.

ಮರುದಿನ ಹುಡುಗಿ ಬೆಂಚಿನ ಮೇಲಿದ್ದಳು, ಪಕ್ಕದಲ್ಲಿ ಇನ್ನಿಬ್ಬರನ್ನು ಕೂರಿಸಿಕೊಂಡು.

"ಅಕ್ಕ, ಇವರೂ ಬಿ. ಎ ಗುಂಪಲ್ಲಿ ನಿದ್ದೆ ಮಾಡೋರು ಇನ್ನೆಷ್ಟು ಜನ ಇದಾರೆ?"

ನಾನು ಪಟ್ಟಿ ಬಿಡಿಸಿದೆ.