ಕುಸುಬಿ ಎಣ್ಣೆಯ ಗಿಟಾರು

ಗಿಟಾರನ್ನು ಮಾರುವುದೆಂದು ಆಗಿಹೋಗಿತ್ತು. ತಿಕ್ಕಿಸಿ ಬಣ್ಣ ಹೊಡೆಸಿ ಮಾರುವುದೋ, ಇದ್ದ ಹಾಗೆಯೇ ಕೊಟ್ಟುಬಿಡುವುದೋ ಎಂಬುದೊಂದೇ ಕಾವ್ಯಾಳ ಪಾಲಿಗೆ ಉಳಿದಿತ್ತು.

ಮಾರುವ ಮಾತು ಕೂಡ ಅವಳ ಬಾಯಿಂದಲೇ ಬಂದದ್ದು. ಅಥಣಿ ರಸ್ತೆಯ ಆ ಮನೆಯಲ್ಲಿ ಯಾರೂ ಅವಳಿಗೆ ಯಾವುದನ್ನೂ ಬೇಡ ಎಂದವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ತನ್ನ ಬೇಸ್ ಗಿಟಾರನ್ನು ಪೆಟ್ಟಿಗೆಸಮೇತ ಅಲ್ಮೇರಾದ ಮೇಲಿಟ್ಟಾಗ ಗಂಡ ಅರುಣಕುಮಾರನೇ ಸ್ಟೂಲು ಹಿಡಿದುಕೊಂಡಿದ್ದ. "ಬ್ಯಾಸರಾದಾಗ ಬಾರಿಸು" ಎಂದಿದ್ದ. ಅತ್ತೆ ನೀಲಾಬಾಯಿ, "ಬಾರಸವಾ, ಯಾರ ಬ್ಯಾಡ ಅಂತಾರ" ಎಂದಿದ್ದಳು. ಆಮೇಲೆ ಮಹಡಿ ಮನೆಯವರ ಕೂಸು ಮಲಗುವ ಹೊತ್ತು, ಅತ್ತೆಯ ತಲೆನೋವಿನ ಹೊತ್ತು, ಟಿಕೋಟಾದ ಬ್ಯಾಂಕಿನ ಕೆಲಸಕ್ಕೆ ಬಸ್ಸು ಹಿಡಿಯುವ ಹೊತ್ತು, ತಿರುಗಿ ಬಂದು ರೊಟ್ಟಿ ಬಡಿಯುವ ಹೊತ್ತು. ಬೇಸರವಾಗಲಿಕ್ಕೂ ಹೊತ್ತು ಸಿಗಲಿಲ್ಲ. ಜಗಳ ತೆಗೆಯೋಣವೆಂದರೆ ಎದುರಿಗೆ ಒಬ್ಬರಾದರೂ ಬೇಕಲ್ಲ, ಆ ಮನೆಯಲ್ಲಿ ಎಲ್ಲರೂ ಅವಳ ಕಡೆಯವರೇ.

ಮೊನ್ನೆ ಚಹಕ್ಕೆ ಬಂದಿದ್ದ ಅರುಣನ ಚಿಕ್ಕಮ್ಮ ಅಲ್ಮೇರಾದ ಮೇಲಿನ ಕಪ್ಪು ಪೆಟ್ಟಿಗೆ ನೋಡಿ, "ಹೆಣದ ಪೆಟ್ಟಿಗಿ ಇದ್ದಾಂಗ ಐತಲ್ಲೋ ಯಪ್ಪಾ" ಎಂದಳು. ಎಲ್ಲರೂ ನಕ್ಕರು. ಅರುಣ, "ಬಾರಸೂದಿಲ್ಲಂದ್ರ ಬಾರಸವ್ರಿಗೆ ಕೊಟ್ರ ಚೊಲೊ ಅಲ್ಲೇನು, ಕಾವ್ಯಾ?" ಎಂದ. ಕಾವ್ಯಾಳ ಕೈಯಲ್ಲಿ ಚಹದ ಕಪ್ಪುಗಳ ತಾಟಿತ್ತು. ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದರೆ ಹೇಳುವ ಹಾಗೆ ಅವಳು "ಹ್ಞೂಂ, ಕೊಡೂಣು" ಎಂದುಬಿಟ್ಟಳು. ಸಂಜೆಯೊಳಗೆ ಅರುಣ ಗಿರಾಕಿಯನ್ನು ಹುಡುಕಿದ್ದ.

ಗಿರಾಕಿಯ ಹೆಸರು ಮುತ್ತು. ಬಬಲೇಶ್ವರದವನು, ಮದುವೆಗಳಿಗೆ ಆರ್ಕೆಸ್ಟ್ರಾ ಕಟ್ಟಿಕೊಂಡು ಹೋಗುವವನು. ಕಾವ್ಯಾ ಹಿಂದೆ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಗಿಟಾರು ಹಿಡಿದು ನಿಂತಿದ್ದ ಫೋಟೊವನ್ನು ಅರುಣ ಅವನಿಗೆ ಕಳಿಸಿದ್ದ.

"ಅಕ್ಕಾರ, ಭಾಳ ಗೀರ್ಯಾವಲ್ರಿ," ಎಂದ ಮುತ್ತು ಫೋನಿನಲ್ಲಿ. "ಬೆಕ್ಕು ಪರಚಿದಂಗ ಕಾಣ್ತಾವ."

"ಗಾಜಿನ ಬಳಿ ಗೀರು ಅವು," ಎಂದಳು ಕಾವ್ಯಾ. "ಮತ್ತ ಅದರ ಹಿಡಿಕಿ ಸಣ್ಣದೈತ್ರಿ, ನನ್ನ ಕೈ ಅಳತಿಗೆ ಮಾಡಿಸಿದ್ದು. ನಿಮ್ಮ ಕೈಬಳ್ಳು ಅದರ ಮ್ಯಾಲ ಕುಂಡ್ರೂದಿಲ್ಲ."

"ಬಳ್ಳು ಯಾಕ ಕುಂಡ್ರಬೇಕ್ರಿ? ಸೌಂಡೆಲ್ಲಾ ಕೀಬೋರ್ಡಿನ್ಯಾಗ ಬರ್ತೈತಿ. ಇದು ಸುಮ್ನ ಕೊಳ್ಳಾಗ ಇರಬೇಕು, ಲೈಟ್ ಬಿದ್ರ ಮಿಂಚಬೇಕು, ಅಷ್ಟ. ಕೆಂಪು ಬಣ್ಣ ಹೊಡಿಸಿ ಕೊಡ್ರಿ, ಕಣ್ಣು ಮುಚ್ಚಿ ಒಯ್ತೇನಿ. ಇಲ್ಲಾಂದ್ರ ನಾನ ಹೊಡಿಸ್ಕೋತೇನಿ."

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಅರುಣ ಹೆಬ್ಬೆರಳೆತ್ತಿ ತೋರಿಸಿದ.

ಮೀರಜಿನ ಅಬ್ದುಲಸಮದ ಎಂಬ ಸಿತಾರು ಮಾಡುವವನಿಂದ ಕಾವ್ಯಾಳ ಅಪ್ಪ ಆ ಗಿಟಾರನ್ನು ಮಾಡಿಸಿಕೊಟ್ಟಿದ್ದ. ಅಬ್ದುಲಸಮದ ಅಲ್ಲಿಯವರೆಗೆ ಬೇಸ್ ಗಿಟಾರು ಮಾಡಿದವನೇ ಅಲ್ಲ. ಕಾವ್ಯಾಳ ಅಂಗೈಗೆ ದಾರ ಹಿಡಿದು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅಳೆದು, ಆ ದಾರವನ್ನು ಕಿಸೆಯಲ್ಲಿಟ್ಟುಕೊಂಡು ಸಿತಾರಿನ ಕಟ್ಟಿಗೆಯನ್ನೇ ಕೆತ್ತಿದ್ದ. ಆಮೇಲೆ ಜೈನಾಪುರ, ಬಬಲೇಶ್ವರ, ಎಲ್ಲೆಲ್ಲೋ ಮದುವೆಗಳಲ್ಲಿ ಅವಳು ಬಾರಿಸಿದಳು. ಮದುವೆ ಮನೆಯಲ್ಲಿ ಬರಿಗೈಯಲ್ಲಿ ಕೂಡ್ರಬಾರದೆಂದು ಅಜ್ಜಿ ಕೈತುಂಬ ಗಾಜಿನ ಬಳೆ ಇಡಿಸಿ ಕಳಿಸುತ್ತಿದ್ದಳು. ಬಲಗೈ ಊರುವಲ್ಲಿ ಆ ಬಳೆಗಳು ಗೀರಿ ಗೀರಿ ಹೊಳಪು ಹೋಗಿ ಕಟ್ಟಿಗೆ ಕಂಡಿತ್ತು. ಹಿಡಿಕೆಯ ಹಿಂದೆ ಹೆಬ್ಬೆರಳಿನದೊಂದು ತಗ್ಗು. ತಿಕ್ಕಿಸಿದರೆ ಎರಡೂ ಹೋಗುತ್ತವೆ. ಅವಳು ಬಾರಿಸಿದ್ದಳು ಎಂಬುದಕ್ಕೆ ಇದ್ದದ್ದು ಅವೆರಡೇ, ಫೋಟೊದಲ್ಲಿ ಯಾರು ಬೇಕಾದರೂ ನಿಲ್ಲಬಹುದು. ತಿಕ್ಕಿಸದೆ ಕೊಟ್ಟರೆ ಮುತ್ತು ತಿಕ್ಕಿಸುತ್ತಾನೆ. ಕೊಡುವುದೇ ಇಲ್ಲವೆಂದರೆ ಅರುಣ ಪ್ರೀತಿಯಿಂದ "ಯಾಕ?" ಎನ್ನುತ್ತಾನೆ. ಆ ‘ಯಾಕ’ಕ್ಕೆ ಅವಳ ಬಳಿ ಹೇಳುವಂಥದ್ದೇನೂ ಇರಲಿಲ್ಲ.

ಕೊನೆಗೆ ತಾನೇ ಬಣ್ಣ ಹೊಡೆಸಿ ಕೊಡುವುದೆಂದು ಸೋಮವಾರ ಪೆಟ್ಟಿಗೆ ಹೊತ್ತು ಟಿಕೋಟಾ ಬಸ್ಸು ಹತ್ತಿದಳು. ಕಂಡಕ್ಟರ್ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ.

"ನಿಮಗ ಫ್ರೀ ಐತ್ರಿ ಅಕ್ಕಾರ. ಇವ್ರು ಗಂಡಸರೋ ಹೆಂಗಸರೋ?"

"ಹೆಂಗಸರು."

"ಹಂಗಾರ ಆಧಾರ್ ಕಾರ್ಡ್ ತೋರಸ್ರಿ."

ಬಸ್ಸೆಲ್ಲ ನಕ್ಕಿತು. ಕಾವ್ಯಾಳೂ ನಕ್ಕಳು. ನಗುವಾಗ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವಚಿಕೊಂಡಿದ್ದಳು.

ಊಟದ ಬಿಡುವಿನಲ್ಲಿ ಮಲ್ಲಿಕಸಾಬನ ಶೆಡ್ಡಿಗೆ ಹೋದಳು. ಮಲ್ಲಿಕಸಾಬ ಟ್ರ್ಯಾಕ್ಟರ್ ಟ್ರ್ಯಾಲಿಗಳಿಗೆ ಬಣ್ಣ ಹೊಡೆಯುವವನು, ಬ್ಯಾಂಕಿಗೆ ಬಂದು ಹೋಗಿ ಪರಿಚಯ. "ಕೆಂಪು ಹೊಡೀತೇನ್ರಿ ಮೇಡಂ, ಎರಡು ಕೋಟ್. ಹಿಂದ ಏನ್ ಬರೀಲಿ? ‘ತಾಯಿಯ ಆಶೀರ್ವಾದ’?" ಎನ್ನುತ್ತ ಅವನೇ ಪೆಟ್ಟಿಗೆಯ ಕೊಂಡಿ ತೆಗೆದ.

ಅಡುಗೆಮನೆಯ ವಾಸನೆ ಬಂತು. ಗಿಟಾರಿನ ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಮಿರಿಮಿರಿ ಮಿಂಚುತ್ತಿತ್ತು. ತಂತಿ ಬಿಗಿಯುವ ತಲೆಯ ಮೇಲೆ ಕುಂಕುಮದ ಬೊಟ್ಟು. ಮಲ್ಲಿಕಸಾಬ ಬೆರಳಿಟ್ಟ. ಬೆರಳು ಜೋನಿ ಬೆಲ್ಲಕ್ಕೆ ಹತ್ತಿದ ಹಾಗೆ ಹತ್ತಿತು. ಮೂಗಿಗೆ ಹಿಡಿದ.

"ಕುಸುಬಿ ಎಣ್ಣಿ," ಎಂದ. "ಯಾರ್ರಿ ಇದಕ್ಕ ಒಗ್ಗರಣಿ ಹಾಕಿದವ್ರು?"

ಕಾವ್ಯಾ ಪೆಟ್ಟಿಗೆಯ ಮೇಲೆ ಬಾಗಿ ನೋಡಿದಳು. ಮದುವೆಯಾದಂದಿನಿಂದ ಅವಳು ಆ ಪೆಟ್ಟಿಗೆಯನ್ನು ಒಮ್ಮೆಯೂ ತೆರೆದಿರಲಿಲ್ಲ.

"ಎಣ್ಣಿ ಕುಡದ ಕಟ್ಟಿಗಿಗೆ ಬಣ್ಣ ಹಿಡಿಯಾಂಗಿಲ್ರಿ. ತಿಕ್ಕಾಕ ಹೋದ್ರ ಪಾಲಿಶ್ ಕಾಗದಾನ ಮೆತ್ಕೋತೈತಿ. ಪೆಟ್ಟಿಗ್ಯಾಗ ಗಾಳಿ ಇಲ್ಲ, ಅಲ್ಲಿದ್ರ ಇದು ಜನ್ಮದಾಗ ಒಣಗೂದಿಲ್ಲ. ಹೊರಗ ಇಡ್ರಿ. ಕೈಬಳ್ಳಿಗೆ ಹತ್ತಲಾರದಾಂಗ ಆದಮ್ಯಾಲ ತರ್ರಿ."

ಸಂಜೆ ನೀಲಾಬಾಯಿ ಹಿತ್ತಿಲ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಅತ್ತಿ, ನನ್ನ ಪೆಟ್ಟಿಗಿ ತಗದಿದ್ರೇನ್ರಿ?"

"ಅಮಾಸಿಗೊಮ್ಮೆ ತಗೀತೇನಲ್ಲ," ಎಂದಳು ಅತ್ತೆ, ಮೊರದಿಂದ ಕಣ್ಣೆತ್ತದೆ. "ಅರುಣನ ಗಾಡಿಗೆ ಪೂಜಿ ಆಗ್ತೈತಿ, ಬಾಗಲ ಚೌಕಟ್ಟಿಗೆ ಎಣ್ಣಿ ಆಗ್ತೈತಿ. ಅದೂ ಕಟ್ಟಿಗೀನ ಅಲ್ಲೇನವಾ? ಬ್ಯಾಸಗ್ಯಾಗ ಸೀಳಿ ನಿಂತ್ರ ನಿಮ್ಮಪ್ಪ ನನಗ ಬೈದಾನು."

"ಮೊಣಕಾಲ ನೋಯ್ತಾವ ಅಂತೀರಿ. ಸ್ಟೂಲ್ ಹತ್ತಿ ಇಳಿಸಿದ್ರಿ?"

"ನೀ ಬ್ಯಾಂಕಿಗೆ ಹೋದಾಗ. ಸಾವಕಾಶ."

"ಒಂದು ಮಾತು ಹೇಳಬೇಕಿಲ್ರೇನು ನನಗ?"

"ನೀ ಯಾವಾಗರೆ ತಗದು ನೋಡ್ತಿ, ಗೊತ್ತಾಗ್ತೈತಿ ಅಂದ್ಕೊಂಡಿದ್ದೆ," ಎಂದಳು ನೀಲಾಬಾಯಿ.

ಬೈಯಲೆಂದು ಬಂದಿದ್ದ ಕಾವ್ಯಾ ಅಲ್ಲಿಯೇ ಕುಳಿತು ಜೋಳದೊಳಗಿನ ಹರಳು ಆರಿಸತೊಡಗಿದಳು.

ಗಿಟಾರು ಕೋಣೆಯ ಕಿಟಕಿಯ ಪಕ್ಕ ಗೋಡೆಗೆ ಆನಿಕೊಂಡು ನಿಂತಿತು. ಅರುಣ ದಿನಾ ಬೆಳಿಗ್ಗೆ, "ಏನಂತಾಳ ಪೇಶಂಟು?" ಎಂದು ಕೇಳುತ್ತಿದ್ದ. ಕಾವ್ಯಾ ಬಸ್ಸಿಗೆ ಹೊರಡುವ ಮೊದಲು ಬೆರಳಿಟ್ಟು ನೋಡಿ, "ಇನ್ನ ಹತ್ತಾಕತ್ತೈತಿ" ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಎದೆ ಹಗುರಾಗುತ್ತಿತ್ತು. ಆದರೆ ದಿನದಿಂದ ದಿನಕ್ಕೆ ಬೆರಳು ಬೇಗ ಬಿಟ್ಟುಕೊಳ್ಳುತ್ತಿತ್ತು. ಕಿಟಕಿಯಿಂದ ಬರುವ ಒಣ ಗಾಳಿಯನ್ನು ಅವಳು ದ್ವೇಷಿಸತೊಡಗಿದಳು. ಒಮ್ಮೆ ಕಿಟಕಿ ಮುಚ್ಚಿದಳು, ಅರುಣ ಬಂದು ತೆಗೆದ. "ಲಗೂನ ಒಣಗ್ಲಿ ಪಾಪ, ಮುತ್ತು ಕಾಯಾಕತ್ತಾನ."

ಒಂದು ರವಿವಾರ ಅರುಣ ಮನೆಯಲ್ಲಿರಲಿಲ್ಲ. ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಎಂದೋ ಕೆಟ್ಟುಹೋಗಿತ್ತು. ಅವಳು ಗಿಟಾರಿನ ತಲೆಯನ್ನು ಕಬ್ಬಿಣದ ಅಲ್ಮೇರಾಕ್ಕೆ ಒತ್ತಿಹಿಡಿದು ದಪ್ಪ ತಂತಿಯನ್ನು ಮೀಟಿದಳು. ಅಲ್ಮೇರಾ ಗುಂಯ್ಗುಟ್ಟಿತು. ಒಳಗಿನ ಹ್ಯಾಂಗರುಗಳು ಸಣ್ಣಗೆ ನಡುಗಿದವು. ಹೆಬ್ಬೆರಳು ತನ್ನ ತಗ್ಗನ್ನು ತಾನೇ ಹುಡುಕಿಕೊಂಡಿತು. ಬೆರಳ ತುದಿಗಳು ಮಾತ್ರ ಮೆತ್ತಗಾಗಿದ್ದವು, ತಂತಿ ಕೊರೆಯುತ್ತಿತ್ತು.

"ಮಿಕ್ಸರ್ ಚಾಲೂ ಬಿಟ್ಟೀಯೇನ ಬೇ?" ಎಂದು ಹಿತ್ತಿಲಿನಿಂದ ಅತ್ತೆ ಕೂಗಿದಳು.

"ಇಲ್ರೀ," ಎಂದು ಕಾವ್ಯಾ ತಂತಿಯ ಮೇಲೆ ಅಂಗೈ ಊರಿದಳು. ಕೈ ಎತ್ತಿದಾಗ ಬಂದುಬಿಟ್ಟಿತು. ಸ್ವಲ್ಪವೂ ಅಂಟಲಿಲ್ಲ. ಮತ್ತೊಮ್ಮೆ ಗಿಟಾರಿನ ಮೈ ಮೇಲೆ ಒತ್ತಿ ನೋಡಿದಳು. ಒಣಗಿತ್ತು. ಬಳೆಯ ಗೀರುಗಳು ಎಣ್ಣೆ ಕುಡಿದು ಮೊದಲಿಗಿಂತ ಎದ್ದು ಕಾಣುತ್ತಿದ್ದವು.

ರಾತ್ರಿ ಊಟಕ್ಕೆ ಕುಳಿತಾಗ ಅರುಣ ಕೇಳಿದ. ಅವಳು ಇನ್ನೂ ಅಂಟುತ್ತಿದೆ ಎಂದಳು. ಅವನು ನಂಬಿದ. ಅವನು ನಂಬಿದ್ದೇ ಅವಳಿಗೆ ಕಷ್ಟವಾಯಿತು. ಬೆರಳಿಟ್ಟು ನೋಡುವುದು ಅವನಿಗೂ ಬರುತ್ತದೆ, ಇಂದಲ್ಲ ನಾಳೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಅರುಣ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ನೀಲಾಬಾಯಿ ಎಣ್ಣೆಯ ಬಟ್ಟಲು, ಅರಿವೆಯ ಚೂರು ಹಿಡಿದು ಚೌಕಟ್ಟುಗಳಿಗೆ ಎಣ್ಣೆ ಹಚ್ಚುತ್ತ ಕೋಣೆಯವರೆಗೆ ಬಂದಳು. ಗಿಟಾರಿನ ಮುಂದೆ ನಿಂತು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದಕ್ಕ ಬ್ಯಾಡಲ್ಲ ಇನ್ನ."

ಅಂಗಳದಲ್ಲಿ ಅರುಣನ ಫೋನು ರಿಂಗಾಯಿತು. "ಹಾಂ ಮುತ್ತು, ತಡಿ, ಕೇಳ್ತೇನಿ," ಎಂದವನು ಅಲ್ಲಿಂದಲೇ ಕೂಗಿದ, "ಕಾವ್ಯಾ, ಒಣಗೈತೇನ ನೋಡು."

ಕಾವ್ಯಾ ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅರಿವೆ ಅದ್ದಿ ಮೊದಲು ಬಳೆಯ ಗೀರುಗಳ ಮೇಲೆ, ಆಮೇಲೆ ಹಿಡಿಕೆಯ ಹಿಂದೆ, ಆಮೇಲೆ ಮೈಯೆಲ್ಲ ಹಚ್ಚಿದಳು. ಎಣ್ಣೆ ಮಣಿಕಟ್ಟಿಗೆ ಇಳಿದು ಬಳೆಗಳಿಗೆ ಮೆತ್ತಿಕೊಂಡಿತು.

"ಇಲ್ರಿ," ಎಂದು ಕೂಗಿ ಹೇಳಿದಳು. "ಇನ್ನ ಹಸಿ ಐತಿ."

ನೀಲಾಬಾಯಿ ಸೊಸೆಯ ಕೈಯನ್ನು ನೋಡಿದಳು. ಬಟ್ಟಲನ್ನು ನೋಡಿದಳು. ಒಳಗೆ ಹೋಗಿ ಡಬ್ಬಿ ತಂದು ಇನ್ನೊಂದಿಷ್ಟು ಸುರಿದಳು.

"ಹೊರಗ ಇಟ್ರ ಮತ್ತ ಒಣಗ್ತೈತಿ ನೋಡು," ಎಂದಳು ಮೆಲ್ಲಗೆ.

ಅದು ಕಾವ್ಯಾಳಿಗೂ ಗೊತ್ತಿತ್ತು. ಅವಳು ಗಾಳಿಯಾಡದ ಆ ಪೆಟ್ಟಿಗೆ ತಂದು ಗಿಟಾರನ್ನು ಮಲಗಿಸಿ ಕೊಂಡಿಗಳನ್ನು ಹಾಕಿದಳು. ಅಲ್ಮೇರಾದ ಮೇಲೇರಿಸುವಾಗ ಅತ್ತೆ ಬಂದು ಸ್ಟೂಲು ಹಿಡಿದುಕೊಂಡಳು.