ವಸೂಲಿ ಮೇಡಂ

ಫೋನಿನಲ್ಲಿ ಹಣ ಕೇಳುವ ಗಳಿಗೆ ಬಂದಾಗ ಆಕೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳು. ಕುಶಲ ವಿಚಾರಿಸುವಾಗ, ಕಾಲೇಜು ದಿನಗಳ ನೆನಪು ಕೆದಕುವಾಗ, ಅತ್ತಲಿನವರ ಮೊಣಕಾಲು ನೋವಿನ ಪುರಾಣವನ್ನು ಅಪಾರ ಸಹನೆಯಿಂದ ಆಲಿಸುವಾಗ ಕೂತೇ ಇರುವಳು. “ಅದಿರಲಿ” ಎಂಬ ಮಾತು ಬಾಯಿಂದ ಹೊರಟಿತೆಂದರೆ ಕುರ್ಚಿ ಹಿಂದಕ್ಕೆ ಸರಿಯಿತೆಂದೇ ಅರ್ಥ. ಗೋಡೆಯ ಈಚೆ, ಭಾಷಾ ವಿಭಾಗದ ನನ್ನ ಕೊಠಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತ ನನಗೆ, ಆ ಕಿರ್ರೆನ್ನುವ ಸದ್ದಿನಿಂದಲೇ ಯಾರೋ ಹಳೆಯ ವಿದ್ಯಾರ್ಥಿ ಸಿಕ್ಕಿಬಿದ್ದನೆಂದು ತಿಳಿಯುತ್ತಿತ್ತು. “ಕೂತು ಕೇಳಿದ್ರೆ ಧ್ವನಿ ಮುದುಡುತ್ತೆ ಮೇಷ್ಟ್ರೇ. ಧ್ವನಿ ಮುದುಡಿದ್ರೆ ಅದು ಬೇಡೋದಾಗುತ್ತೆ,” ಎಂದಿದ್ದಳು ಒಮ್ಮೆ. ಕೇಳಿಯಾದ ಮೇಲೆ ತುಟಿ ಬಿಗಿದು ನಿಲ್ಲುವಳು. ಅತ್ತಲಿಂದ ಎಷ್ಟು ಹೊತ್ತು ಉತ್ತರ ಬಾರದಿದ್ದರೂ, “ಹೋಗಲಿ, ಆದಷ್ಟು ಕೊಡಿ” ಎಂದು ತಾನಾಗಿ ಇಳಿದುಬಂದವಳಲ್ಲ.

ಕುಳ್ಳಗಿನ ಆಕೃತಿ. ಅದರ ಮೇಲೆ ಯಾರದೋ ಅಳತೆಗೆ ಹೊಲಿದಂತಿದ್ದ ಕಂದು ಬಣ್ಣದ ಕೋಟು. ಮೊದಲ ಸಂಬಳದಲ್ಲಿ ಕೊಂಡದ್ದಂತೆ, ತೋಳು ಮಡಚಿಯೇ ತೊಡಬೇಕು. ನಡೆದರೆ ಚಪ್ಪಲಿಯ ಹಿಮ್ಮಡಿಯ ಸದ್ದು ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಕೇಳುವುದು. ಆ ಸದ್ದು ಕೇಳಿದೊಡನೆ ನಮ್ಮ ಅಧ್ಯಾಪಕ ಮಹಾಶಯರು, “ಬಂತಪ್ಪಾ ವಸೂಲಿ!” ಎಂದು ಪಿಸುಗುಟ್ಟಿ ಜೇಬು ಮುಟ್ಟಿನೋಡಿಕೊಂಡು ನಗುವರು. ಹಾಗೆ ನಕ್ಕವರ ಸಂಶೋಧನಾ ವೇತನ, ಅವರು ವಿದೇಶದ ಸಮ್ಮೇಳನಕ್ಕೆ ಹಾರಿಬಂದ ವಿಮಾನದ ಟಿಕೆಟ್ಟು, ಎಲ್ಲವೂ ಆಕೆ ನಿಂತು ಕೇಳಿ ತಂದ ದುಡ್ಡೇ. ನಾಚಿಕೆ ಬೇಡವೇ ಜನಕ್ಕೆ! ಆಕೆ ಮಾತ್ರ ಆ ಅಡ್ಡಹೆಸರನ್ನು ಬಿರುದಿನಂತೆ ಸ್ವೀಕರಿಸಿ, “ಹೌದು, ವಸೂಲಿ ಮೇಡಂ ಮಾತಾಡ್ತಿರೋದು,” ಎಂದೇ ಕುಲಸಚಿವರಿಗೂ ಫೋನು ಮಾಡುವಳು.

ಪದವಿಯ ಕೊನೆಯ ವರ್ಷದಲ್ಲಿ, ಬಿಡುವಿನ ಹೊತ್ತು ಕಳೆಯಲೆಂದು, ವಿಶ್ವವಿದ್ಯಾಲಯದ ದೇಣಿಗೆ ವಿಭಾಗದಲ್ಲಿ ಫೋನು ಮಾಡುವ ಕೆಲಸಕ್ಕೆ ಸೇರಿದವಳು ಆಕೆ. ಸಹಪಾಠಿಗಳು ಬ್ಯಾಂಕು, ಕಂಪನಿ, ನ್ಯಾಯಾಲಯಗಳ ಕಡೆಗೆ ಚದುರಿಹೋದಾಗ, ಆಕೆ ಅದೇ ಮೇಜಿನ ಮುಂದೆ ಕಾಯಂ ನೌಕರಿ ಕೇಳಿ ಕೂತಳು. ಮನೆಯಲ್ಲಿ ರಂಪವೇ ಆಯಿತು. “ಓದಿಸಿದ್ದು ಕೈಚಾಚೋಕಾ?” ಎಂದ ಅಣ್ಣ. ತಾಯಿಯಂತೂ ನೆಂಟರಿಷ್ಟರು ಕೇಳಿದಾಗ “ಯೂನಿವರ್ಸಿಟೀಲಿ ಇದಾಳೆ” ಎಂದಷ್ಟೇ ಹೇಳಿ, ಏನು ಕೆಲಸವೆಂದು ಅವರು ಬಾಯಿ ತೆರೆಯುವ ಮೊದಲೇ ಇನ್ನೊಂದು ಲೋಟ ಚಹಾ ಬಗ್ಗಿಸಿಬಿಡುವರು. ಆ ವಿಭಾಗಕ್ಕೊಂದು ನಿರ್ದೇಶಕರ ಹುದ್ದೆಯಿತ್ತು. ಬಾಗಿಲ ಮೇಲೆ ಹೆಸರು ಬರೆಸಿಕೊಳ್ಳುವ ಭಾಗ್ಯ ಅದಕ್ಕೊಂದಕ್ಕೇ. ಅದು ತನಗೆ ದಕ್ಕಿದ ದಿನ ತಾಯಿ ಚಹಾ ಬಗ್ಗಿಸುವುದನ್ನು ನಿಲ್ಲಿಸಿ ತಲೆಯೆತ್ತಿ ಉತ್ತರ ಹೇಳುತ್ತಾರೆಂದು ಆಕೆ ನಂಬಿದ್ದಳು. ಬಾಯಿಬಿಟ್ಟು ಹೇಳಿಯೂ ಇದ್ದಳು: “ಅದು ನಂಗೆ ಬೇಕು ಮೇಷ್ಟ್ರೇ. ಸುಳ್ಳು ಯಾಕೆ ಹೇಳ್ಲಿ, ತುಂಬಾನೇ ಬೇಕು.”

ಆ ಹುದ್ದೆಯನ್ನು ಆಕೆಯ ಕೈಗೆಟಕುವಷ್ಟು ಹತ್ತಿರ ತಂದದ್ದು ಒಂದು ಎಡವಟ್ಟು. ವಿಭಾಗದ ಕಂಪ್ಯೂಟರಿನಲ್ಲಿ ಪ್ರವೇಶ ಪಡೆದವರೆಲ್ಲರ ಹೆಸರೂ ಒಟ್ಟಿಗೇ ಇದ್ದವು. ಪದವಿ ಪಡೆದವರು ಯಾರು, ಹೊರಹಾಕಿಸಿಕೊಂಡವರು ಯಾರು ಎಂದು ಬೇರ್ಪಡಿಸುವ ಗೊಡವೆಗೆ ಯಾರೂ ಹೋಗಿರಲಿಲ್ಲ. ಹೀಗಾಗಿ ಆಕೆ, ಬ್ಯಾಟರಿ ಕಾರ್ಖಾನೆಗಳ ಒಡೆಯನೊಬ್ಬನಿಗೆ ಫೋನು ಮಾಡಿ, “ನಮ್ಮ ಹೆಮ್ಮೆಯ ಪದವೀಧರರು ನೀವು,” ಎಂದು ಶುರುಹಚ್ಚಿಕೊಂಡಳು. ಆತ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. “ಅಮ್ಮಾ, ಪರೀಕ್ಷೇಲಿ ಕಾಪಿ ಹೊಡೆದೆ ಅಂತ ನನ್ನ ಓಡಿಸಿದೋರು ನೀವೇ!” ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಂಡು ಫೋನಿಡುತ್ತಿದ್ದರು. ಈಕೆ, “ಅದಿರಲಿ. ಅಲ್ಲೀವರೆಗೂ ಪಾಠ ಕೇಳಿದ್ರಲ್ಲ?” ಎಂದು ಎದ್ದು ನಿಂತೇಬಿಟ್ಟಳು. ಆತ ಸೋತ. ಕ್ಯಾಂಪಸ್ಸಿಗೆ ಬಂದು, ಹಳೆಯ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಒಂದೊಂದು ಬರ್ನರಿಗೆ ನಾಲ್ಕು ನಾಲ್ಕು ಜನ ವಿದ್ಯಾರ್ಥಿಗಳು ಮುಗಿಬಿದ್ದು ಪ್ರಯೋಗ ಮಾಡುವುದನ್ನು ಆಕೆ ತೋರಿಸಿದಾಗ, ಹೊಸ ಪ್ರಯೋಗಶಾಲೆಯನ್ನೇ ಕಟ್ಟಿಸಿಕೊಡುವೆನೆಂದ. ಕುಲಪತಿಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ದಿನವೇ ನಿರ್ದೇಶಕಿಯ ಹುದ್ದೆ ಆಕೆಯದೆಂದು ಎಲ್ಲರೆದುರು ಘೋಷಿಸಿದರು.

ಸಹಿಗೆ ಮುನ್ನ ಬ್ಯಾಟರಿ ಸಾಹುಕಾರ ಒಂದು ಷರತ್ತು ತೆಗೆದ. ಅಂದು ತನ್ನನ್ನು ಹಿಡಿದುಕೊಟ್ಟ ರಸಾಯನಶಾಸ್ತ್ರದ ಅಧ್ಯಾಪಕಿ ಶಂಕುಸ್ಥಾಪನೆಯ ವೇದಿಕೆಗೆ ಬಂದು, ಆತನನ್ನು ಹಿಡಿದದ್ದು ತಮ್ಮ ತಪ್ಪಾಗಿತ್ತೆಂದು ಸಭೆಯೆದುರು ಹೇಳಬೇಕು. ಕುಲಪತಿಗಳಿಗೆ ಇದೊಂದು ದೊಡ್ಡ ವಿಷಯವಾಗಿಯೇ ಕಾಣಲಿಲ್ಲ. “ವಯಸ್ಸಾದೋರು, ಒಪ್ಕೋತಾರೆ. ನೀನೇ ಹೋಗಿ ಮಾತಾಡಮ್ಮ, ಕೇಳೋದ್ರಲ್ಲಿ ನಿಂದು ಎತ್ತಿದ ಕೈ,” ಎಂದು ಬೆಣ್ಣೆ ಹಚ್ಚಿ ಕಳಿಸಿದರು. ಆ ಹಿರಿಯರ ಪರಿಚಯ ನನಗಿದ್ದುದರಿಂದ ನಾನೂ ಜೊತೆಗೆ ಹೋದೆ.

ನಾಲ್ಕನೆಯ ಮಹಡಿಯ ಪುಟ್ಟ ಮನೆ; ಕಿಟಕಿಯ ಕಟ್ಟೆಯ ಮೇಲೆಲ್ಲ ಗಾಜಿನ ಬೀಕರುಗಳಲ್ಲಿ ನೆಟ್ಟ ಸಸಿಗಳು. ವಿಷಯ ಕೇಳಿದ ಅಧ್ಯಾಪಕಿ ಕನ್ನಡಕ ತೆಗೆದು ಒರೆಸಿಕೊಂಡರು. “ಹೇಳಿಬಿಡ್ತೀನಿ ಬಿಡಮ್ಮ. ಎರಡು ಮಾತು ತಾನೆ? ಮಕ್ಕಳಿಗೊಂದು ಲ್ಯಾಬ್ ಆಗುತ್ತಲ್ಲ,” ಎಂದರು.

“ನೀವು ತಪ್ಪು ಮಾಡಿದ್ರಾ ಅಮ್ಮಾ?” ಎಂದು ಕೇಳಿದಳು ಈಕೆ.

“ಚೀಟೀನ ಅವನ ಕಾಲರಿನೊಳಗಿಂದ ನಾನೇ ತೆಗೆದಿದ್ದು. ಅವನ ಕೈಬರಹಾನೇ.”

“ಹಾಗಿದ್ರೆ ನೀವು ಬರೋದು ಬೇಡ.”

“ಹುಚ್ಚಿ, ನಿನ್ನ ಹುದ್ದೆ?”

“ಅದು ನನ್ನ ತಲೆನೋವು,” ಎಂದವಳೇ ಎದ್ದು, ಆ ಹಿರಿಯರ ಪಾದ ಮುಟ್ಟಿ ಹೊರನಡೆದಳು. ಮೆಟ್ಟಿಲಿಳಿಯುವಾಗ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕಾಣದವನಂತೆ ನಟಿಸುವುದು ನನ್ನಿಂದಾಗಲಿಲ್ಲ. “ಅಳೋದಾದ್ರೆ ಅತ್ತುಬಿಡಮ್ಮ,” ಎಂದೆ. “ಸಿಟ್ಟಿಗೆ ಮೈ ಉರೀತಿದೆ ಮೇಷ್ಟ್ರೇ, ಇದು ಅಳು ಅಲ್ಲ,” ಎಂದಳು.

ಮರುದಿನ ಕುಲಪತಿಗಳ ಕೊಠಡಿ. ದೇಣಿಗೆ ಸಮಿತಿಯ ಸದಸ್ಯನೆಂದು ನಾನೂ ಒಂದು ಮೂಲೆಯಲ್ಲಿದ್ದೆ. ಒಪ್ಪಂದದ ಕಡತ ಮೇಜಿನ ಮೇಲೆ ಸಿದ್ಧವಾಗಿತ್ತು, ಸಾಹುಕಾರ ಪೆನ್ನಿನ ಮುಚ್ಚಳ ತೆರೆದಾಗಿತ್ತು. ಈಕೆ ಕೋಣೆಯ ನಡುವೆ ನಿಂತು, ಒಂದಿಷ್ಟೂ ಧ್ವನಿಯೇರಿಸದೆ ಹೇಳಿದಳು: “ಸರ್, ನಿಮ್ಮ ಹತ್ರ ದುಡ್ಡು ಕೇಳಿದ್ದು ನಾನು. ಈಗಲೂ ಕೇಳ್ತೀನಿ. ಆದ್ರೆ ಅವರು ಬರಲ್ಲ. ಅವರಿಂದ ಸುಳ್ಳು ಹೇಳಿಸಿ ಕಟ್ಟಿದ ಲ್ಯಾಬಿನಲ್ಲಿ, ಕಾಪಿ ಹೊಡೀಬೇಡಿ ಅಂತ ನಾವು ಯಾವ ಬಾಯಲ್ಲಿ ಮಕ್ಕಳಿಗೆ ಹೇಳೋದು?”

ಕುಲಪತಿಗಳ ಮುಖ ಸುಣ್ಣವಾಯಿತು. ಈಕೆಗೆ ಇಂದು ಮೈ ಸರಿಯಿಲ್ಲವೆಂದೂ, ತಾವೇ ಖುದ್ದಾಗಿ ಅಧ್ಯಾಪಕಿಯನ್ನು ಕರೆತರುವುದಾಗಿಯೂ ತೊದಲಿದರು. ಈಕೆ ಎಂದಿನಂತೆ ತುಟಿ ಬಿಗಿದು ಕಾದಳು. ಸಾಹುಕಾರ ಆಕೆಯನ್ನು ದಿಟ್ಟಿಸಿದ, ಪೆನ್ನಿನ ಮುಚ್ಚಳ ಹಾಕಿದ, ಎದ್ದು ಹೋದ.

ಪ್ರಯೋಗಶಾಲೆ ಆಗಲಿಲ್ಲ. ಈ ಕತೆಯಲ್ಲಿ ಆತ ಮನಸ್ಸು ಕರಗಿ ಹಿಂತಿರುಗಿ ಬರಬೇಕಿತ್ತೆಂದು ಬಯಸುವವರಿಗೆ ನನ್ನ ಬಳಿ ಸಮಾಧಾನವಿಲ್ಲ. ನಿರ್ದೇಶಕರ ಕುರ್ಚಿಗೆ, ದಾನಿಗಳೆದುರು ಹಲ್ಲುಗಿಂಜುವುದರಲ್ಲಿ ನಿಪುಣನಾದ ಯುವಕನೊಬ್ಬ ಬಂದ. ಮೊಗಸಾಲೆಯಲ್ಲಿ ನಮ್ಮ ಮಹಾಶಯರು, “ಒಂದು ಮುದುಕಿಯ ಮರ್ಯಾದೆಗೆ ಕಟ್ಟಡವೇ ಹೋಯಿತಲ್ಲ!” ಎಂದು ಹಲುಬಿದಾಗ ನಾನು ಬಾಯಿಗೆ ಬಂದಂತೆ ಬೈದೆ, ಇಂದಿಗೂ ಅದರ ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವವನಲ್ಲ. ಮನೆಯಲ್ಲಿ ಅಣ್ಣ, “ಕೈಚಾಚೋ ಕೆಲಸದಲ್ಲೂ ನಿಂಗೆ ಜಂಬ,” ಎಂದನಂತೆ. “ಜಂಬ ಇಲ್ದೆ ಈ ಕೆಲಸ ಮಾಡೋಕಾಗಲ್ಲ ಕಣೋ,” ಎಂದಳಂತೆ ಈಕೆ.

ಮುಂದಿನ ವರ್ಷ ಫೋನು ಮಾಡುವ ಕಾಲ ಬಂದಾಗ, ಹೊಸ ನಿರ್ದೇಶಕ ಸಾಹುಕಾರನ ಹೆಸರನ್ನು ಅಳಿಸಿಹಾಕಲು ಹೇಳಿದ. ಆಕೆ ಅಳಿಸಲಿಲ್ಲ. ಗೋಡೆಯ ಈಚೆ ನಾನು ಕಿವಿಯಾದೆ. “ನಮಸ್ಕಾರ ಸರ್, ವಸೂಲಿ ಮೇಡಂ ಮಾತಾಡ್ತಿರೋದು. ಒಂದು ಬರ್ನರಿಗೆ ಈಗ್ಲೂ ನಾಲ್ಕು ಮಕ್ಕಳು.” ಆತ ಫೋನಿಟ್ಟ. ಅದರ ಮರುವರ್ಷವೂ ಮಾಡಿದಳು, ಆಗಲೂ ಇಟ್ಟ. “ನಿಂಗೆ ಅವಮಾನ ಆಗಲ್ವೇನಮ್ಮ?” ಎಂದು ಕೇಳಿದೆ. “ನಂಗ್ಯಾಕೆ ಮೇಷ್ಟ್ರೇ? ಇಲ್ಲ ಅಂದಿದ್ದು ಅವರು,” ಎಂದು ಮುಂದಿನ ಹೆಸರಿಗೆ ಹೋದಳು.

ಕೊಟ್ಟವರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಕೇಳಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಇರಬೇಕಾಗಿಯೂ ಇಲ್ಲ. ತನ್ನ ಹೊಟ್ಟೆಗಾಗಿ ಕೇಳುವವನು ಬಾಗಿದರೆ ಅದು ಅವನ ಕಷ್ಟ, ಅವನನ್ನು ಕ್ಷಮಿಸಬಹುದು. ಆದರೆ ಪರರ ಮಕ್ಕಳಿಗಾಗಿ ಕೇಳಲು ಹೊರಟ ಈ ಜಾತಿಯ ಜನಕ್ಕೆ ಬಾಗುವ ಸ್ವಾತಂತ್ರ್ಯವಿಲ್ಲ. ಅವರ ತಲೆ ತಗ್ಗಿತೆಂದರೆ, ಅವರು ಕಂಡೇ ಇರದ ಅಷ್ಟೂ ಮಕ್ಕಳ ತಲೆ ತಗ್ಗುತ್ತದೆ.